ಐವತ್ತೇಳನೇ ಗಂಟು

ನಾನು ಕೋರ್ಟಿನ ಬೆರಳಚ್ಚುಗಾರ. ಮೂವತ್ತೆಂಟು ವರ್ಷ ಬೇರೆಯವರ ಮಾತನ್ನೇ ಹೊಡೆದು ಹೊಡೆದು, ಇವರಿಗೆ ಸ್ವಂತ ಮಾತು ಅಂತ ಏನಾದರೂ ಉಳಿದಿದೆಯೋ ಇಲ್ಲವೋ ಎಂಬ ಅನುಮಾನ ನನ್ನ ಹೆಂಡತಿಗೆ ಇವತ್ತಿಗೂ ಇದೆ. ಸಾಕ್ಷಿ ಹೇಳಿದ್ದನ್ನು ಹೊಡೆಯುವುದು ನನ್ನ ಕೆಲಸ ಎಂದು ಜನ ತಿಳಿದಿದ್ದಾರೆ. ಅಲ್ಲ. ಸಾಕ್ಷಿ ಹೇಳಿದ್ದನ್ನು ಕೇಳಿ ಸಾಹೇಬರು ಏನು ಹೇಳುತ್ತಾರೋ ಅದನ್ನು ಹೊಡೆಯುವುದು ನನ್ನ ಕೆಲಸ. ಇವೆರಡರ ನಡುವೆ ಎಷ್ಟು ದೂರವಿರುತ್ತದೆ ಎಂಬುದನ್ನು ನನಗೆ ಕಲಿಸಿದವನು ಸರಪಳಿ ಅಜ್ಜ.

ಅಜ್ಜನಿಗೆ ಆ ಹೆಸರು ಅಂಟಿದ್ದು ನೆಲ ಅಳೆಯುವ ಮೋಜಣಿ ಇಲಾಖೆಯಲ್ಲಿ. ಅಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದವನು. ಹೆಗಲ ಮೇಲೆ ಕಬ್ಬಿಣ ಹೊತ್ತು ಹೊತ್ತು ಬಲಗಡೆ ಭುಜ ಎಡಗಡೆಗಿಂತ ಎರಡು ಬೆರಳು ಕೆಳಗಿಳಿದಿತ್ತು. ನಡೆಯುವಾಗ ತುಟಿ ಅಲುಗುತ್ತಿತ್ತು. ಏನೋ ಜಪ ಮಾಡುತ್ತಿದ್ದಾನೆ ಎಂದು ನೋಡಿದವರು ಅಂದುಕೊಳ್ಳಬೇಕು. ಅವನು ಹೆಜ್ಜೆ ಎಣಿಸುತ್ತಿದ್ದ. ಮೊದಲ ಸಲ ನನ್ನೆದುರು ಬಂದು ನಿಂತಾಗ ನಮಸ್ಕಾರಕ್ಕೂ ಮುಂಚೆ ಅವನು ಹೇಳಿದ್ದು, ಗೇಟಿನಿಂದ ಈ ಜಗಲಿಗೆ ಐವತ್ತೆರಡು ಹೆಜ್ಜೆ ಎಂದು. ಆಮೇಲೆ ನಾನೂ ಎಣಿಸಿದೆ. ನನಗೆ ಅರವತ್ತಾಯಿತು, ನನ್ನ ಕಾಲು ಗಿಡ್ಡ.

ಅವನ ಕೆಲಸ ಏನೆಂದು ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಮೋಜಣಿಯ ಸರಪಳಿ ಅರವತ್ತಾರು ಅಡಿ. ಎದುರು ತುದಿ ಹಿಡಿದವನು ಹತ್ತು ಕಬ್ಬಿಣದ ಕಡ್ಡಿ ಇಟ್ಟುಕೊಂಡು ಮುಂದೆ ಹೋಗುತ್ತಾನೆ. ಒಂದೊಂದು ಸರಪಳಿ ಉದ್ದಕ್ಕೂ ಒಂದೊಂದು ಕಡ್ಡಿ ನೆಲಕ್ಕೆ ಚುಚ್ಚುತ್ತಾನೆ. ಹಿಂದಿನವನು ಅದನ್ನು ಕಿತ್ತುಕೊಳ್ಳುತ್ತಾ ಬರುತ್ತಾನೆ. ಹಿಂದಿನವನ ಕೈಯಲ್ಲಿ ಹತ್ತೂ ಕಡ್ಡಿ ಕೂಡಿದರೆ ಹತ್ತು ಸರಪಳಿ, ಅಂದರೆ ಒಂದು ಫರ್ಲಾಂಗು ಆಯಿತು. ಆಗ ಕಡ್ಡಿಗಳನ್ನು ಮುಂದಿನವನಿಗೆ ವಾಪಸು ಕೊಟ್ಟು, ಸೊಂಟದಲ್ಲಿರುವ ಹಗ್ಗಕ್ಕೆ ಒಂದು ಗಂಟು ಹಾಕಬೇಕು. ಸರ್ವೇಯರ್ ಸಾಹೇಬರು ಎಷ್ಟೇ ಓದಿರಲಿ, ದುರ್ಬೀನು ಎಷ್ಟೇ ಹೊಳೆಯಲಿ, ಕೊನೆಗೆ ಎಷ್ಟು ದೂರವಾಯಿತು ಎಂದು ಕೇಳುವುದು ಆ ಹಗ್ಗವನ್ನು. ಅಜ್ಜ ಹಿಂದಿನವನು. ಹಗ್ಗ ಅವನದು.

ನಾನು ಅಜ್ಜನನ್ನು ಕಾಣುವುದಕ್ಕೆ ನಲವತ್ತು ವರ್ಷ ಮುಂಚೆ ನಮ್ಮ ಕಡೆಯ ಒಂದು ದೊಡ್ಡ ಪ್ರಾಂತವನ್ನು ಒಡೆದು ಎರಡು ರಾಜ್ಯ ಮಾಡಿದರು. ಪಡುವಣದ್ದು ಒಂದು, ಮೂಡಣದ್ದು ಒಂದು. ಗಡಿ ಎಲ್ಲಿ ಎಂಬುದಕ್ಕೆ ಆದೇಶದಲ್ಲಿ ಒಂದೇ ಸಾಲು: ನದಿ ದಂಡೆಯ ಹಳೇ ಕಲ್ಲುಕಂಬದಿಂದ ಮೂಡಣಕ್ಕೆ ನೇರ ಏಳು ಮೈಲಿ, ಅಲ್ಲೊಂದು ಕಲ್ಲು, ಆ ಕಲ್ಲಿನಿಂದ ತೆಂಕಣಕ್ಕೆ ಗಡಿ. ಏಳು ಮೈಲಿ ಎಂದರೆ ಐವತ್ತಾರು ಫರ್ಲಾಂಗು. ಅಜ್ಜನ ಹಗ್ಗದಲ್ಲಿ ಐವತ್ತಾರು ಗಂಟು ಬಿದ್ದ ಜಾಗದಲ್ಲಿ ಕಲ್ಲು ನೆಟ್ಟರು. ಎರಡೂ ಕಡೆಯ ಅಧಿಕಾರಿಗಳು ಅಳತೆಯ ಪುಸ್ತಕಕ್ಕೆ ಸಹಿ ಹಾಕಿ, ಕೈ ಕುಲುಕಿ, ಫೋಟೋ ತೆಗೆಸಿಕೊಂಡರು. ಫೋಟೋದ ಅಂಚಿನಲ್ಲಿ ಅಜ್ಜನ ಅರ್ಧ ಮುಖವಿದೆ.

ಕಲ್ಲು ಒಂದು ಫರ್ಲಾಂಗು ಆಚೆಗೆ ಬಿದ್ದಿತ್ತು. ಅದು ಹೊರಬಿದ್ದದ್ದು ಹತ್ತೊಂಬತ್ತು ವರ್ಷದ ಮೇಲೆ, ಮೂಡಣದವರು ಹೊಸ ಯಂತ್ರ ತಂದು ಮತ್ತೆ ಅಳೆದಾಗ. ಅಷ್ಟರಲ್ಲಿ ಆ ಕುರುಚಲು ನೆಲದಲ್ಲಿ ನಲವತ್ತು ಮನೆ ಎದ್ದಿದ್ದವು. ಮೂಡಣದವರು ಸುಮ್ಮನಿರಲಿಲ್ಲ. ಪಡುವಣದವರು ರಾತ್ರೋರಾತ್ರಿ ಕಲ್ಲು ಕಿತ್ತು ಮುಂದಕ್ಕೆ ನೆಟ್ಟಿದ್ದಾರೆ, ನಮ್ಮ ನೆಲ ಕದ್ದಿದ್ದಾರೆ ಎಂದು ದೂರು ಹೂಡಿದರು. ಪಡುವಣದವರು, ಕಲ್ಲು ನೆಟ್ಟಲ್ಲೇ ಇದೆ, ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ, ಬೇಕಾದರೆ ಪುಸ್ತಕ ನೋಡಿ ಎಂದರು.

ನೀವೂ ನಾನೂ ಬೇಲಿಗೆ ಜಗಳವಾಡಿದರೆ ತಾಲ್ಲೂಕು ಕೋರ್ಟಿನಿಂದ ಶುರುಮಾಡಿ ಮೆಟ್ಟಿಲು ಹತ್ತುತ್ತಾ ಹೋಗುತ್ತೇವೆ. ಸರ್ಕಾರ ಸರ್ಕಾರಗಳೇ ಜಗಳವಾಡಿದರೆ ಕೆಳಗಿನ ಯಾವ ಕೋರ್ಟೂ ಅದನ್ನು ಮುಟ್ಟುವಂತಿಲ್ಲ. ಅದು ನೇರವಾಗಿ ದೇಶದ ಅತಿ ದೊಡ್ಡ ಕೋರ್ಟಿನಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು. ಅದಕ್ಕೆ ಮೂಲ ದಾವೆ ಎಂದು ಹೆಸರು. ಅದರಲ್ಲಿ ವಾದಿಯೂ ರಾಜ್ಯ, ಪ್ರತಿವಾದಿಯೂ ರಾಜ್ಯ, ನರಮನುಷ್ಯರಿಗೆ ಪ್ರವೇಶವಿಲ್ಲ. ಮುಗಿಯಬೇಕು ಎಂದೆನಲ್ಲ, ಅದು ಕಾನೂನಿನ ಮಾತು. ಸಾಕ್ಷಿ ಹೊಡೆಯಲು ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಆ ದಾವೆಗೆ ಇಪ್ಪತ್ತೊಂದು ತುಂಬಿತ್ತು. ಮನುಷ್ಯನಾಗಿದ್ದರೆ ಮದುವೆಯ ಮಾತು ಎತ್ತುತ್ತಿದ್ದರು.

ದಾವೆ ದಾಖಲಾದ ವಾರವೇ ಯಥಾಸ್ಥಿತಿ ಎಂಬ ಆಜ್ಞೆ ಬಂದಿತ್ತು. ಕಲ್ಲಿಗೂ ಹೊಸ ಅಳತೆಗೂ ನಡುವಿನ ಆ ನೆಲದ ಪಟ್ಟಿಯಲ್ಲಿ ಇದ್ದದ್ದು ಇದ್ದಂತೆ ಇರಬೇಕು. ರಸ್ತೆ ಹಾಕಬಾರದು, ನೀರಿನ ಕೊಳವೆ ಎಳೆಯಬಾರದು, ಗೋಡೆ ಕಟ್ಟಬಾರದು. ಯಾವ ಸರ್ಕಾರವೂ ಅಲ್ಲಿ ತನ್ನ ಅಧಿಕಾರ ತೋರಿಸಬಾರದು. ತೋರಿಸಬೇಡಿ ಎಂದರೆ ಸರ್ಕಾರಗಳಿಗೆ ಅದಕ್ಕಿಂತ ಸುಖ ಬೇರೆ ಏನಿದೆ? ಎರಡೂ ಕಡೆ ಕೈ ತೊಳೆದುಕೊಂಡವು. ಒಂದು ತುದಿಗೆ ಪಡುವಣದ ಪೊಲೀಸ್ ಚೌಕಿ, ಇನ್ನೊಂದು ತುದಿಗೆ ಮೂಡಣದ್ದು, ನಡುವೆ ನಲವತ್ತು ಮನೆ. ಜನ ಅದನ್ನು ನಡುಪಟ್ಟಿ ಎಂದು ಕರೆದರು. ಅಲ್ಲಿ ಯಾವ ಕಾಗದವೂ ಇಲ್ಲದೆ ಎರಡೂ ಕಡೆ ಓಡಾಡುತ್ತಿದ್ದದ್ದು ಮೇಕೆಗಳು ಮಾತ್ರ.

ಆ ನಡುಪಟ್ಟಿಯ ಒಂದು ಮನೆಗೆ ಅಜ್ಜ ತನ್ನ ಒಬ್ಬಳೇ ಮಗಳನ್ನು ಕೊಟ್ಟಿದ್ದ. ಅಳತೆಯ ಕಾಲದಲ್ಲಿ ಅಲ್ಲಿ ಇದ್ದದ್ದು ಒಂದೇ ಗುಡಿಸಲು. ಅದರ ಯಜಮಾನ ನೀರು ಕೊಟ್ಟಿದ್ದ, ನೆರಳು ಕೊಟ್ಟಿದ್ದ, ಸ್ನೇಹವಾಯಿತು, ಬೀಗರಾಗೋಣ ಎಂದು ನಗೆಗೆ ಆಡಿದ ಮಾತು ಕೊನೆಗೆ ನಿಜವಾಯಿತು. ಮದುವೆಯಾದ ಮರುವರ್ಷ ದಾವೆ ಬಿತ್ತು.

ಇಷ್ಟನ್ನೂ ನಾನು ತಿಳಿದದ್ದು ಎರಡು ದಿನದಲ್ಲಿ. ದೊಡ್ಡ ಕೋರ್ಟಿನ ನ್ಯಾಯಮೂರ್ತಿಗಳಿಗೆ ಕಾಗದ ಓದಿ ಅಭ್ಯಾಸ, ಸಾಕ್ಷಿಗಳ ಮುಖ ನೋಡಿ ಅಲ್ಲ. ಮೂಲ ದಾವೆಯಲ್ಲಿ ಕೆಳಗಿನ ಕೋರ್ಟು ಇಲ್ಲದ್ದರಿಂದ ಯಾರಾದರೂ ಹೋಗಿ ಸಾಕ್ಷಿ ಬರೆದುಕೊಂಡು ಬರಲೇಬೇಕು. ಅದಕ್ಕೆಂದು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕಮಿಷನರ್ ಎಂದು ನೇಮಿಸಿದರು. ಅವರ ಜೊತೆಗೆ ದೊಡ್ಡ ಕೋರ್ಟಿನಿಂದ ನಾನು, ನನ್ನ ಯಂತ್ರ. ಗಡಿಗೆ ಹತ್ತಿರದ ಪಟ್ಟಣದ ಸರ್ಕಾರಿ ಅತಿಥಿಗೃಹದಲ್ಲಿ ಊಟದ ಮೇಜುಗಳನ್ನು ಜೋಡಿಸಿ ಕೋರ್ಟು ಮಾಡಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಸಾರಿನ ಕಲೆ. ಸಾಕ್ಷಿಗಳ ಪಟ್ಟಿಯಲ್ಲಿ ಸರಪಳಿ ಅಜ್ಜ ಹದಿನೇಳನೆಯವನು. ಪಡುವಣ ರಾಜ್ಯದ ಸಾಕ್ಷಿ.

ಅವನು ಒಂದು ದಿನ ಮುಂಚೆಯೇ ಬಂದ. ಮಧ್ಯಾಹ್ನ, ಕಮಿಷನರ್ ಸಾಹೇಬರು ಮಲಗಿದ್ದಾಗ. ನಾನು ಜಗಲಿಯಲ್ಲಿ ಕೂತು ಯಂತ್ರದ ರಿಬ್ಬನ್ನು ಬದಲಿಸುತ್ತಿದ್ದೆ, ಎರಡೂ ಕೈ ಮಸಿ. ಅಜ್ಜ ಐವತ್ತೆರಡು ಹೆಜ್ಜೆಯ ಲೆಕ್ಕ ಒಪ್ಪಿಸಿ, ಪಕ್ಕದಲ್ಲಿ ಕೂತು, ಕೈಚೀಲದಿಂದ ಹಗ್ಗ ತೆಗೆದು ನನ್ನ ಮಡಿಲಿಗೆ ಹಾಕಿದ. ಎಣಿಸಿ ಎಂದ. ಕೈ ಮಸಿಯಾಗಿದೆ ಅಜ್ಜ ಎಂದೆ. ಹಾಗಾದರೆ ತಾನೇ ಎಣಿಸುತ್ತೇನೆ ಎಂದು ಒಂದೊಂದೇ ಗಂಟು ಮುಟ್ಟಿ ಎಣಿಸಿದ. ಐವತ್ತಾರು.

"ಇದರಲ್ಲಿ ಒಂದು ಕಮ್ಮಿ ಇದೆ ಸ್ವಾಮಿ," ಎಂದ. "ಕಲ್ಲನ್ನು ಯಾರೂ ಕದ್ದಿಲ್ಲ. ಕಲ್ಲು ನೆಟ್ಟಲ್ಲೇ ಇದೆ. ನಾನು ಒಂದು ಗಂಟು ಹಾಕೋದು ಮರೆತೆ."

ಇಪ್ಪತ್ತೊಂದು ವರ್ಷ, ಎರಡು ಸರ್ಕಾರ, ಎರಡು ಬೀರು ತುಂಬುವಷ್ಟು ಕಡತ, ಎಲ್ಲಕ್ಕೂ ಉತ್ತರ ನನ್ನ ಮಡಿಲಲ್ಲಿ ಬಿದ್ದಿತ್ತು. ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. ಯಾರಿಗೆ ಹೇಳಿಲ್ಲ ಎಂದು ಕೇಳಿ ಎಂದ.

ತಪ್ಪು ಅವನಿಗೆ ಗೊತ್ತಾದದ್ದು ಕಲ್ಲು ನೆಟ್ಟ ಎರಡು ವರ್ಷಕ್ಕೆ. ಮನಸ್ಸಿಗೆ ಯಾಕೋ ಸಮಾಧಾನವಿಲ್ಲದೆ, ಒಂದು ಭಾನುವಾರ ಒಬ್ಬನೇ ಕಂಬದಿಂದ ಕಲ್ಲಿನವರೆಗೆ ಹೆಜ್ಜೆ ಹಾಕಿ ನೋಡಿದ್ದ. ಆಗ ಬಾಯಿಗೆ ಬೀಗ ಹಾಕಿಕೊಂಡ. ಹೊಸ ನೌಕರಿ, ಕಾಯಂ ಆಗಿರಲಿಲ್ಲ; ಸಾಹೇಬರ ಸಹಿ ಬಿದ್ದಾಗಿತ್ತು; ಒಂದು ಫರ್ಲಾಂಗು ಕುರುಚಲಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದುಕೊಂಡ. ದಾವೆ ಬಿದ್ದಮೇಲೆ ಬಾಯಿ ಬಿಟ್ಟ. ಆಗ ಕೇಳುವವರಿಲ್ಲ. ತಾಲ್ಲೂಕು ಕೋರ್ಟಿಗೆ ಅರ್ಜಿ ಹಾಕಿದರೆ, ಇದು ರಾಜ್ಯ ರಾಜ್ಯಗಳ ವ್ಯಾಜ್ಯ, ಇದನ್ನು ಮುಟ್ಟುವ ಅಧಿಕಾರ ನಮಗಿಲ್ಲ, ದೊಡ್ಡ ಕೋರ್ಟಿಗೆ ಹೋಗಿ ಎಂದರು. ದೊಡ್ಡ ಕೋರ್ಟಿಗೆ ಬರೆದರೆ, ಮೂಲ ದಾವೆಯಲ್ಲಿ ರಾಜ್ಯಗಳು ಮಾತ್ರ ಪಕ್ಷಗಾರರು, ಖಾಸಗಿ ವ್ಯಕ್ತಿಗಳ ಅರ್ಜಿ ಪರಿಗಣಿಸಲು ಅವಕಾಶವಿಲ್ಲ ಎಂಬ ಅಚ್ಚಾದ ಕಾಗದ ಬಂತು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಅದನ್ನೂ ಅವನು ನನಗೆ ತೋರಿಸಿದ. ಅಡಿಯಲ್ಲಿ ಬೆರಳಚ್ಚು ಹೊಡೆದವರ ಗುರುತಿನ ಎರಡಕ್ಷರ ಇರುತ್ತದೆ. ನನ್ನದಲ್ಲ ಎಂದು ಒಂದು ಕ್ಷಣ ನೆಮ್ಮದಿಯಾಯಿತು. ಎಂಥ ನೆಮ್ಮದಿ.

ಮೂಡಣದ ವಕೀಲರ ಬಳಿಯೂ ಹೋಗಿದ್ದನಂತೆ. ಅವರು ಕೂರಿಸಿ ಚಹಾ ಕೊಟ್ಟು, ಯಜಮಾನರೇ, ನೀವು ಹೇಳುವುದು ನಿಜವಾದರೆ ನಾವು ಸೋತಂತೆ ಎಂದು ಬಿಡಿಸಿ ಹೇಳಿದರಂತೆ. ಕದ್ದರೆ ಅದು ಅನ್ಯಾಯ. ತಪ್ಪಾಗಿ ನೆಟ್ಟರೆ, ಆ ತಪ್ಪಿಗೆ ನಮ್ಮ ಅಧಿಕಾರಿಯ ಸಹಿಯೂ ಇದೆ, ಹತ್ತೊಂಬತ್ತು ವರ್ಷ ಒಪ್ಪಿಕೊಂಡು ಕೂತಂತೆ ಆಗುತ್ತದೆ. ಪಡುವಣದವರಿಗಂತೂ ತಪ್ಪು ಎಂಬ ಮಾತೇ ಆಗದು. ಹಾಗಾಗಿ ಒಂದು ಕಡೆಗೆ ಕಳ್ಳ ಬೇಕಿತ್ತು, ಇನ್ನೊಂದು ಕಡೆಗೆ ತಪ್ಪೇ ಮಾಡದ ದೇವರು ಬೇಕಿತ್ತು. ಮರೆತ ಮನುಷ್ಯ ಯಾರಿಗೂ ಬೇಕಿರಲಿಲ್ಲ.

ಈಗ ಪಡುವಣದವರೇ ಅವನನ್ನು ಸಾಕ್ಷಿಗೆ ಕರೆದಿದ್ದರು, ಪುಸ್ತಕದಲ್ಲಿನ ತನ್ನ ಸಹಿ ಗುರುತಿಸಲಿಕ್ಕೆ. ಹೌದು ಎಂದು ಹೇಳಿ ಇಳಿದುಬಿಡು ಎಂದು ಅವರ ವಕೀಲರು ಹೇಳಿಕೊಟ್ಟಿದ್ದರು. ಅಜ್ಜ ಇಳಿಯುವವನಿರಲಿಲ್ಲ. ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ ದೊಡ್ಡ ಕೋರ್ಟು ಅವನ ಬಾಯಿಯ ಮುಂದೆ ಬಂದು ಕೂತಿತ್ತು. ಒಮ್ಮೆ ಕಾಗದದ ಮೇಲೆ ಬಿದ್ದರೆ ಸಾಕು, ನೆಲ ಯಾರದ್ದೋ ಒಬ್ಬರದ್ದು ಎಂದು ತೀರ್ಮಾನವಾಗುತ್ತದೆ, ಯಾರದ್ದಾದರೂ ಸರಿ, ಮಗಳ ಮನೆಗೆ ಒಂದು ಸರ್ಕಾರ ಸಿಗುತ್ತದೆ ಎಂಬುದು ಅವನ ಆಸೆ. ಸಾಯುವ ಮುಂಚೆ ಅದೊಂದು ಆಗಬೇಕಿತ್ತು.

ಎಲ್ಲ ಸರಿ ಅಜ್ಜ, ಮರೆತದ್ದು ಹೇಗೆ ಎಂದು ಕೇಳಿದೆ. ಬೆರಳಚ್ಚುಗಾರನ ಬುದ್ಧಿ; ಒಂದು ಸಾಲು ಬಿಟ್ಟುಹೋದರೆ ಯಾಕೆ ಬಿಟ್ಟಿತು ಎಂದು ನೋಡುವ ಚಾಳಿ. ಅಜ್ಜ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಆಮೇಲೆ ಹೇಳಿದ. ಮೂವತ್ತೊಂದು ಗಂಟು ಆಗಿತ್ತು. ಇನ್ನೊಂದು ಫರ್ಲಾಂಗು ಮುಗಿದು, ಹತ್ತು ಕಡ್ಡಿ ಮುಂದಿನವನ ಕೈಗೆ ಕೊಟ್ಟು, ಹಗ್ಗಕ್ಕೆ ಕೈ ಹಾಕಿದ್ದ. ಅಷ್ಟರಲ್ಲಿ ಪಟ್ಟಣದಿಂದ ಅವನ ಭಾವಮೈದುನ ಸೈಕಲ್ಲು ತುಳಿದುಕೊಂಡು ಬಂದು, ಭಾವ, ಹೆಣ್ಣುಮಗು ಎಂದು ಕೂಗಿದ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಮಗು. ಸರ್ವೇಯರ್ ಸಾಹೇಬರು ಬೆನ್ನು ತಟ್ಟಿ ಅರ್ಧ ಗಂಟೆ ಕೆಲಸ ನಿಲ್ಲಿಸಿದರು. ಎಲ್ಲರೂ ಚಹಾ ಕುಡಿದರು. ಮುಂದಿನವನು ಅಜ್ಜನನ್ನು ಎತ್ತಿ ತಿರುಗಿಸಿದ. ಮತ್ತೆ ಸರಪಳಿ ಹಿಡಿದಾಗ ಅಜ್ಜನ ಕೈಯಲ್ಲಿ ಕಡ್ಡಿ ಇರಲಿಲ್ಲ, ಆದ್ದರಿಂದ ಗಂಟು ಬಿದ್ದಾಗಿದೆ ಎಂದುಕೊಂಡ. ನೇರ ನಡೆದ.

ಇದನ್ನೇ ನಾಳೆ ಹೇಳು, ಯಾರಾದರೂ ನಂಬುತ್ತಾರೆ ಎಂದೆ ನಾನು, ಖುಷಿಯಿಂದ.

ಅಜ್ಜ ಆಗದು ಎಂದು ತಲೆಯಾಡಿಸಿದ. ಹದಿನೈದು ವರ್ಷದ ಹಿಂದೆ ಮಗಳಿಗೆ ಹೆರಿಗೆ ನೋವು ಬಂದಾಗ ಅಳಿಯ ಮೊದಲು ಪಡುವಣದ ಚೌಕಿಗೆ ಓಡಿದ. ಆಂಬುಲೆನ್ಸು ಆ ಪಟ್ಟಿಯೊಳಗೆ ಬರುವಂತಿಲ್ಲ, ಯಥಾಸ್ಥಿತಿ ಇದೆ ಎಂದರು. ಮೂಡಣದ ಚೌಕಿಗೆ ಓಡಿದ. ಅಲ್ಲೂ ಅದೇ. ಕೊನೆಗೆ ನಾಲ್ಕು ಜನ ಮಂಚವನ್ನೇ ಹೊತ್ತು ನಡೆದರು. ಚೌಕಿ ದಾಟುವ ಮುಂಚೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ.

"ನೀನು ಹುಟ್ಟಿದ್ದಕ್ಕೇ ಈ ಪಟ್ಟಿ ಆಯ್ತು, ಈ ಪಟ್ಟಿಯಿಂದಲೇ ನಿನ್ನ ಮಗು ಹೋಯ್ತು ಅಂತ ನಾನು ಅವಳ ಮುಂದೆ ಹೇಗೆ ಹೇಳಲಿ ಸ್ವಾಮಿ?" ಎಂದ. "ನಾಳೆ ಅವಳೇ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಬರೋದು. ಮರೆತೆ ಅಂತ ಹೇಳ್ತೀನಿ. ಅಷ್ಟು ಸಾಕಾಗಲ್ವಾ?"

ಸಾಕಾಗುತ್ತದೆ ಎಂದೆ. ಯಾಕೆ ಹಾಗೆಂದೆನೋ. ಮುದುಕನಿಗೆ ಸಮಾಧಾನ ಹೇಳುವುದು ಸುಲಭ, ಅದಕ್ಕೆ ಅಂದಿರಬೇಕು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಕರೆದರು. ಮಗಳು ಅವನನ್ನು ಕುರ್ಚಿಯವರೆಗೆ ತಂದು ಕೂರಿಸಿ ಬಾಗಿಲ ಬಳಿ ಹೋಗಿ ನಿಂತಳು. ನಲವತ್ತು ವಯಸ್ಸಿನ ಹೆಂಗಸು, ತಂದೆಯ ಹಾಗೆಯೇ ಎತ್ತರ. ಅಷ್ಟು ಹೊತ್ತು ನಿಂತಿದ್ದರೂ ಗೋಡೆಗೆ ಒರಗಲಿಲ್ಲ. ಪಡುವಣದ ವಕೀಲರು ಅಳತೆಯ ಪುಸ್ತಕ ತೆರೆದು ತಾರೀಖು ತಾರೀಖಾಗಿ ಓದಿ ಗುರುತು ಹಿಡಿಸಿದರು. ನಡುವಿನ ಒಂದು ಪುಟದಲ್ಲಿ ಒಂದು ತಾರೀಖಿನ ಎದುರು ಷರಾ ಇತ್ತು, ಅದನ್ನೂ ಓದಿದರು: ಮೂವತ್ತೊಂದನೇ ಗಂಟಿನ ತರುವಾಯ ಹತ್ತೂವರೆಯಿಂದ ಹನ್ನೊಂದರವರೆಗೆ ಕೆಲಸ ನಿಂತಿದೆ. ನಾನು ತಲೆ ಎತ್ತಿ ಅಜ್ಜನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಹಗ್ಗದಲ್ಲಿ ಒಟ್ಟು ಎಷ್ಟು ಗಂಟು ಎಂದು ವಕೀಲರು ಕೇಳಿದರು. ಉತ್ತರ ಬರುವ ಮುಂಚೆಯೇ ಕೂರಲು ಕುರ್ಚಿ ಎಳೆದುಕೊಂಡಿದ್ದರು.

"ಹಗ್ಗದಲ್ಲಿ ಐವತ್ತಾರು," ಎಂದ ಅಜ್ಜ. "ನೆಲದ ಮೇಲೆ ಐವತ್ತೇಳು. ಒಂದು ನಾನು ಹಾಕಲಿಲ್ಲ."

ವಕೀಲರು ಅರ್ಧ ಕೂತವರು ಎದ್ದರು. ಮೂಡಣದ ವಕೀಲರೂ ಎದ್ದರು. ಇಬ್ಬರೂ ಒಟ್ಟಿಗೆ ಆಕ್ಷೇಪಣೆ ಎಂದರು. ಕಮಿಷನರ್ ಸಾಹೇಬರು ಕೈ ಎತ್ತಿ ಇಬ್ಬರನ್ನೂ ಕೂರಿಸಿದರು. ಕೆಟ್ಟವರಲ್ಲ ಅವರು, ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅಜ್ಜನ ಕಡೆ ಬಗ್ಗಿ, ಮೂವತ್ತು ವರ್ಷ ಅದೇ ಕೆಲಸ ಮಾಡಿದವರು ನೀವು, ಒಂದು ಗಂಟು ಹೇಗೆ ಮರೆತುಹೋಯಿತು ಎಂದು ಕೇಳಿದರು. ಅವತ್ತು ಅರ್ಧ ಗಂಟೆ ಕೆಲಸ ನಿಂತಿದೆಯಲ್ಲ, ಆಗ ಏನಾಯಿತು ಎಂದೂ ಕೇಳಿದರು. ಅದಕ್ಕಿಂತ ಹತ್ತಿರ ಯಾವ ನ್ಯಾಯಾಧೀಶನೂ ಬರಲಾರ. ಬಾಗಿಲು ತೆರೆದು, ಕೈ ಹಿಡಿದು, ಒಳಗೆ ಬಾ ಎಂದು ಕರೆದ ಹಾಗೆ ಇತ್ತು.

ಅಜ್ಜ ಮಗಳ ಕಡೆ ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು.

"ಏನೂ ಆಗ್ಲಿಲ್ಲ ಸ್ವಾಮಿ," ಎಂದ. "ಸುಮ್ನೆ ಮರೆತೆ."

ಯಾವಾಗ ಗೊತ್ತಾಯಿತು, ಆಗ ಯಾರಿಗೆ ಹೇಳಿದಿರಿ ಎಂದು ಸಾಹೇಬರು ಇನ್ನೂ ಎರಡು ಪ್ರಶ್ನೆ ಕೇಳಿದರು. ಎರಡು ವರ್ಷದ ಮೇಲೆ, ಯಾರಿಗೂ ಇಲ್ಲ ಎಂದ. ಅವನ ಧ್ವನಿ ಅಷ್ಟು ಸಣ್ಣದಾಗಿತ್ತು, ಇನ್ನೊಮ್ಮೆ ಹೇಳಿ ಎನ್ನಬೇಕಾಯಿತು. ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು. ನಾನು ಹೊಡೆದೆ: ವಯೋವೃದ್ಧನಾದ ಸಾಕ್ಷಿಯು ಪುಸ್ತಕದಲ್ಲಿನ ಸಹಿ ತನ್ನದೆಂದು ಗುರುತಿಸಿದ್ದಾನೆ. ಒಂದು ಗಂಟು ಬಿಟ್ಟುಹೋಯಿತೆಂಬ ಅವನ ಮಾತಿಗೆ ಕಾರಣವನ್ನು ವಿವರಿಸಲು ಅವನಿಂದ ಆಗಿಲ್ಲ. ಜ್ಞಾಪಕಶಕ್ತಿ ಕುಂದಿರುವಂತೆ ಕಂಡುಬರುತ್ತದೆ. ಎರಡೂ ಕಡೆಯ ವಕೀಲರು ಆಕ್ಷೇಪಣೆ ಇಲ್ಲ ಎಂದರು. ಇಪ್ಪತ್ತೊಂದು ವರ್ಷದಲ್ಲಿ ಎರಡು ರಾಜ್ಯಗಳು ಒಂದು ಮಾತಿಗೆ ಒಪ್ಪಿದ್ದು ಅವತ್ತೇ.

ನನಗೆ ಕಾರಣ ಗೊತ್ತಿತ್ತು. ಆ ಕೋಣೆಯಲ್ಲಿ ಅಜ್ಜನನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಬೆರಳಚ್ಚುಗಾರ ಬಾಯಿ ಹಾಕುವಂತಿಲ್ಲ, ಹಾಕಲಿಲ್ಲ. ಜ್ಞಾಪಕಶಕ್ತಿ ಎಂಬ ಪದವನ್ನು ಒಂದೂ ತಪ್ಪಿಲ್ಲದೆ ಹೊಡೆದೆ.

ಮರುದಿನ ನಾವು ಗಂಟುಮೂಟೆ ಕಟ್ಟುತ್ತಿದ್ದಾಗ ಮಗಳು ಒಬ್ಬಳೇ ಬಂದಳು. ನನ್ನ ಮುಂದೆ ಒಂದು ಕಾಗದ ಇಟ್ಟಳು. ಅವಳ ಜನನ ಪ್ರಮಾಣಪತ್ರ. ತಾರೀಖು ನೋಡಿದೆ. ಅಳತೆ ಪುಸ್ತಕದ ಆ ಪುಟದ ತಾರೀಖು. ಹುಟ್ಟಿದ ಸಮಯ ಬೆಳಿಗ್ಗೆ ಎಂಟು.

"ನಿನ್ನೆ ಆ ಪುಸ್ತಕ ಓದಿದ್ರಲ್ಲ ಸಾರ್, ಆಗ ಗೊತ್ತಾಯ್ತು," ಎಂದಳು. "ನೀನು ಹುಟ್ಟಿದ ಸುದ್ದಿ ಹೋದಾಗ ನಿಮ್ಮಪ್ಪ ಗಡಿ ಅಳೀತಿದ್ರು ಅಂತ ಅಮ್ಮ ಹೇಳ್ತಿದ್ಲು. ಮಗು ಹೋದಾಗಿನಿಂದ ಅಪ್ಪ ನನ್ನ ಮುಖ ನೋಡಿ ಮಾತಾಡಿಲ್ಲ. ಯಾಕೆ ಅಂತ ನಿನ್ನೆವರೆಗೂ ಗೊತ್ತಿರ್ಲಿಲ್ಲ."

ಅವಳು ಅಳಲಿಲ್ಲ. ಈ ಕಾಗದವನ್ನು ಅಪ್ಪನ ಹೇಳಿಕೆಯ ಜೊತೆ ಸೇರಿಸಲು ಆಗುತ್ತದೆಯೇ ಎಂದು ಕೇಳಿದಳು. ಸೇರಿಸಿದರೆ ಅಪ್ಪನಿಗೆ ಮರೆವು ಬಂದಿಲ್ಲ ಎಂದಾದರೂ ಗೊತ್ತಾಗುತ್ತದಲ್ಲ ಎಂದಳು. ಬಂದದ್ದು ಮಾತ್ರ ಅಪ್ಪನಿಗೆ ತಿಳಿಯಬಾರದು; ತನಗೆ ಗೊತ್ತಾಗಿದೆ ಎಂದು ತಿಳಿದರೆ ಅವರು ಉಳಿಯುವುದಿಲ್ಲ ಎಂದಳು.

ಆ ಕಾಗದ ಹಿಡಿದು ನಾನು ಕಮಿಷನರ್ ಸಾಹೇಬರ ಕೋಣೆಗೆ ಓಡಿದೆ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಅದೊಂದೇ ಸಲ ಓಡಿದ್ದು. ಸಾಹೇಬರು ಎರಡು ಸಲ ಓದಿದರು. ಪುಸ್ತಕದ ಪುಟ ತೆಗೆಸಿ ಪಕ್ಕದಲ್ಲಿಟ್ಟು ನೋಡಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ, ಇದನ್ನು ಹಾಜರುಪಡಿಸುವವರು ಯಾರು ಎಂದು ಕೇಳಿದರು. ಮೂಲ ದಾವೆಯಲ್ಲಿ ಒಂದು ಹಾಳೆ ಒಳಗೆ ಬರಬೇಕಾದರೂ ಎರಡರಲ್ಲಿ ಒಂದು ರಾಜ್ಯ ಅದನ್ನು ಕೈಯಲ್ಲಿ ಹಿಡಿದು ತರಬೇಕು. ನಾನು ಇಬ್ಬರು ವಕೀಲರ ಕಾರಿನ ಬಳಿಗೂ ಹೋಗಿ ಹಲ್ಲುಗಿಂಜಿದೆ. ಪಡುವಣದವರು ಕಿಟಕಿ ಏರಿಸಿದರು. ಮೂಡಣದವರು ಒಳ್ಳೆಯ ಮಾತಿನಲ್ಲಿ, ನಮ್ಮ ದಾವೆ ಕಳ್ಳತನದ್ದು ಎಂದರು. ಕಾಗದವನ್ನು ವಾಪಸು ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ತೊಂದರೆ ಕೊಟ್ಟೆ ಸಾರ್ ಎಂದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಎರಡು ವರ್ಷ ಕಳೆಯಿತು. ಅಜ್ಜನನ್ನು ನಾನು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ಹೋಗಿ ನೋಡಲಿಲ್ಲ. ಒಂದು ಬೆಳಿಗ್ಗೆ ಕಡತದಲ್ಲಿ ಹೊಸ ಅರ್ಜಿ ಬಂತು. ಮೂಡಣ ರಾಜ್ಯಕ್ಕೆ ಹೊಸ ವಕೀಲರು ಬಂದಿದ್ದರು. ಕಳ್ಳತನಕ್ಕೆ ಸಾಕ್ಷಿಯೇ ಇಲ್ಲ, ಅಳತೆಯ ತಪ್ಪು ಎಂದು ವಾದಿಸಿದರೆ ಮಾತ್ರ ದಾವೆ ನಿಲ್ಲುತ್ತದೆ ಎಂದು ಅವರಿಗೆ ಹೊಳೆದಿತ್ತು. ಹದಿನೇಳನೇ ಸಾಕ್ಷಿಯನ್ನು ಮತ್ತೆ ಕರೆಸಿ ಗಂಟಿನ ವಿಷಯ ಪೂರ್ತಿ ಕೇಳಬೇಕು ಎಂದು ಬೇಡಿಕೊಂಡಿದ್ದರು. ಕೋರ್ಟು ಒಪ್ಪಿತು. ಸಮನ್ಸು ಹೊಡೆಯುವ ಕೆಲಸ ನನ್ನ ಮೇಜಿಗೆ ಬಂತು.

ಅವತ್ತಿನ ಹಾಗೆ ನಾನು ಯಾವತ್ತೂ ಹೊಡೆದಿಲ್ಲ. ಅಜ್ಜನ ಹೆಸರು, ಮಗಳ ಮನೆಯ ವಿಳಾಸ, ಹಾಜರಾಗಬೇಕಾದ ದಿನ. ಜನನ ಪ್ರಮಾಣಪತ್ರವನ್ನು ತನ್ನಿ ಎಂದು ಸಮನ್ಸಿನಲ್ಲಿ ಬರೆಯುವಂತಿಲ್ಲ, ಆದರೂ ಬೇರೆ ಚೀಟಿಯಲ್ಲಿ ಅವಳಿಗೆ ಎರಡು ಸಾಲು ಬರೆದು ಸಮನ್ಸು ಜಾರಿ ಮಾಡುವವನ ಕೈಗೆ ಕೊಟ್ಟೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಇಪ್ಪತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಸಮನ್ಸು ವಾಪಸು ಬಂತು. ಹಿಂಬದಿಯಲ್ಲಿ ಮಗಳ ಅಕ್ಷರ, ಗುಂಡಗೆ, ಸಾಲು ಡೊಂಕಿಲ್ಲದೆ: "ಅಪ್ಪ ಹೋದ ಚಳಿಗಾಲದಲ್ಲಿ ನನ್ನ ಮನೆಯಲ್ಲೇ ತೀರಿಕೊಂಡರು. ಮರಣ ಪ್ರಮಾಣಪತ್ರಕ್ಕೆ ಎರಡೂ ಕಡೆಯ ಕಚೇರಿಗೆ ಹೋದೆ. ಪಡುವಣದವರು ಆ ಮನೆ ನಮ್ಮ ಸರಹದ್ದಿನಲ್ಲಿಲ್ಲ ಎಂದರು. ಮೂಡಣದವರು ದಾವೆ ಮುಗಿದ ಮೇಲೆ ಬನ್ನಿ ಎಂದರು. ಅಪ್ಪ ಯಾವ ರಾಜ್ಯದಲ್ಲಿ ಸತ್ತರು ಎಂದು ದಯವಿಟ್ಟು ಕೋರ್ಟಿನವರೇ ತಿಳಿಸಬೇಕು." ಕೆಳಗೆ, ಚಿಕ್ಕದಾಗಿ, ನನಗೆ: ಕೊನೆಯವರೆಗೂ ಅವರಿಗೆ ಹೇಳಲಿಲ್ಲ ಸಾರ್.

ಮೇಜಿನ ಮೇಲೆ ತಲೆಯಿಟ್ಟುಕೊಂಡು ನಾನು ಅತ್ತೆ. ಪಕ್ಕದವರು ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದರು.

ಮಗಳನ್ನೇ ಸಾಕ್ಷಿಗೆ ಕರೆಯಬಾರದೇ ಎಂದು ಹೊಸ ವಕೀಲರನ್ನು ಕೇಳಿದೆ. ಅವತ್ತು ಹುಟ್ಟಿದವಳು ಅವತ್ತು ಕಂಡದ್ದೇನು ಎಂದು ನಕ್ಕರು. ಸಾಕ್ಷಿ ತೀರಿಕೊಂಡಿದ್ದಾನೆ ಎಂದು ದಾಖಲಿಸಿ ಮುಂದೆ ಹೋಗಲು ಮೂಡಣದವರು ಕೇಳಿಕೊಂಡರೆ, ಪಡುವಣದವರು ಮರಣ ಪ್ರಮಾಣಪತ್ರ ಎಲ್ಲಿ ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ಪ್ರಮಾಣಪತ್ರವಿಲ್ಲದೆ ಮನುಷ್ಯ ಸತ್ತಂತಲ್ಲ. ದಾವೆ ಮುಗಿಯದೆ ಪ್ರಮಾಣಪತ್ರವಿಲ್ಲ. ಸಾಕ್ಷಿ ಬರದೆ ದಾವೆ ಮುಗಿಯುವುದಿಲ್ಲ. ಸಾಕ್ಷಿಯ ಹಾಜರಿಗಾಗಿ ಮುಂದೂಡಲಾಗಿದೆ ಎಂದು ಆಜ್ಞೆಯಾಯಿತು.

ನನಗೆ ನಿವೃತ್ತಿಯಾಗಲು ಇನ್ನು ಐದು ತಿಂಗಳಿದೆ. ನಡುಪಟ್ಟಿಯ ನಲವತ್ತು ಮನೆಗಳಲ್ಲಿ ಈಗ ದೀಪ ಉರಿಯುವುದು ಹನ್ನೊಂದರಲ್ಲಂತೆ, ಅವಳದ್ದು ಅದರಲ್ಲೊಂದು. ಪ್ರತಿ ವಾಯಿದೆಗೂ ಜವಾನ ಬಾಗಿಲಲ್ಲಿ ನಿಂತು ಅಜ್ಜನ ಹೆಸರನ್ನು ಮೂರು ಸಲ ಕೂಗುತ್ತಾನೆ. ಕೂಗಿ ಮುಗಿದ ಮೇಲೆ ಸಾಹೇಬರು ನನ್ನ ಕಡೆ ನೋಡುತ್ತಾರೆ. ನಾನು ಹೊಡೆಯುತ್ತೇನೆ: ಸಾಕ್ಷಿ ಗೈರುಹಾಜರು.